ಹೆಮ್ಲಾಕ್ ಕಮರಿಯಲ್ಲಿ ಮನೆಮಂದಿಯ ಫೋಟೊ

ಬಾಸ್ಟನ್ನಿನಿಂದ ನೈರುತ್ಯಕ್ಕೆ ಸುಮಾರು ಹತ್ತು ಮೈಲಿ ಬಂದರೆ ಚಾರ್ಲ್ಸ್ ನದಿ ಬಂಡೆಗಳ ನಡುವೆ ಇಕ್ಕಟ್ಟಾಗಿ ಹರಿಯುವ ಒಂದು ಕಮರಿ ಸಿಗುತ್ತದೆ. ಹೆಸರು ಹೆಮ್ಲಾಕ್ ಗಾರ್ಜ್. ಒಂದು ದಡ ನ್ಯೂಟನ್ ನಗರಕ್ಕೆ ಸೇರಿದ್ದು, ಇನ್ನೊಂದು ದಡ ನೀಡಂ ಊರಿಗೆ. ಎರಡನ್ನೂ ಕೂಡಿಸಿ ನಿಂತಿರುವುದು 1877ರಲ್ಲಿ ಕಟ್ಟಿ ಮುಗಿಸಿದ ಎಕೋ ಬ್ರಿಜ್. ಬಾಸ್ಟನ್ ಜನಕ್ಕೆ ಕುಡಿಯುವ ನೀರು ಸಾಗಿಸಲೆಂದು ಕಟ್ಟಿದ ಕಲ್ಲಿನ ಸೇತುವೆ ಅದು. ನದಿಯ ಮೇಲಿನ ದೊಡ್ಡ ಕಮಾನು ಒಂದೇ 130 ಅಡಿ. ಅದರ ಕೆಳಗೆ ನಿಂತು ಕೂಗಿದರೆ ನಮ್ಮ ದನಿ ನಮಗೇ ಹಲವು ಸಲ ವಾಪಸ್ ಕೇಳಿಸುತ್ತದೆ. ಬಂದ ಮಕ್ಕಳೆಲ್ಲ ಮೊದಲು ಓಡುವುದು ಅಲ್ಲಿಗೇ.

ಅಕ್ಟೋಬರ್ ನಡುವಿನಿಂದ ತಿಂಗಳ ಕೊನೆಯವರೆಗೆ ಇಲ್ಲಿ ಎಲೆಗಳ ಹಬ್ಬ. ಹಗಲು ಗಿಡ್ಡವಾಗಿ ಚಳಿ ಬೀಳುತ್ತಿದ್ದಂತೆ ಎಲೆಯೊಳಗಿನ ಪತ್ರಹರಿತ್ತು ಕರಗುತ್ತದೆ, ಅಷ್ಟು ದಿನ ಮರೆಯಲ್ಲಿದ್ದ ಹಳದಿ ಮೇಲೆ ಬರುತ್ತದೆ. ಮೇಪಲ್ ಮರದ ಕೆಂಪಿನ ಕಥೆ ಬೇರೆ. ಅದು ಹೊಸದಾಗಿ ಅದೇ ಹೊತ್ತಿಗೆ ಹುಟ್ಟುವ ಬಣ್ಣ. ಹಗಲು ಬಿಸಿಲು, ರಾತ್ರಿ ತಂಪು ಎರಡೂ ಹದವಾಗಿ ಸಿಕ್ಕ ವರ್ಷ ಇನ್ನೂ ಗಾಢವಾಗುತ್ತದೆ. ಹೆಮ್ಲಾಕ್ ಮರ ಮಾತ್ರ ವರ್ಷವಿಡೀ ಹಸಿರು, ಅದೂ ಕಪ್ಪಿಗೆ ತಿರುಗಿದ ಹಸಿರು. ಆ ಕಪ್ಪು ಹಸಿರಿನ ಮುಂದೆ ಒಂದೇ ಒಂದು ಮೇಪಲ್ ಕೊಂಬೆ ಬಂದರೂ ದೀಪ ಹಚ್ಚಿದ ಹಾಗೆ ಕಾಣುತ್ತದೆ. ಫೋಟೊಗ್ರಾಫರುಗಳು ಈ ಜಾಗವನ್ನು ಹುಡುಕಿಕೊಂಡು ಬರುವುದಕ್ಕೆ ಅದೇ ಕಾರಣ. ಈ ಹೆಮ್ಲಾಕುಗಳಿಗೂ ಈಗ ಕಷ್ಟಕಾಲ. ಏಷ್ಯಾದಿಂದ ಬಂದ, ಹತ್ತಿಯ ಚೂರಿನಂತೆ ಎಲೆಬುಡಕ್ಕೆ ಅಂಟಿ ಕೂರುವ ಒಂದು ಪುಟ್ಟ ಕೀಟ ಅಮೆರಿಕದ ಪೂರ್ವಭಾಗದ ಹೆಮ್ಲಾಕ್ ಕಾಡುಗಳ ರಸ ಹೀರುತ್ತಿದೆ. ಮುಂದಿನ ತಲೆಮಾರಿನ ಫೋಟೊಗಳಲ್ಲಿ ಈ ಹಿನ್ನೆಲೆ ಇರುತ್ತದೋ ಇಲ್ಲವೋ.

ನಾನು ಹೋದ ಶನಿವಾರ ಮಧ್ಯಾಹ್ನ ಕಾಲುದಾರಿಯ ಬಾಯಲ್ಲೇ, ದಾನಕ್ಕಾಗಿ ಕುಟುಂಬಗಳ ಫೋಟೊ ತೆಗೆಯುವವರು ಒಂದು ಮಡಚುವ ಮೇಜು ಹಾಕಿದ್ದರು. ಮೇಜಿನ ಮೇಲೆ ಥರ್ಮಸ್, ಒದ್ದೆ ಒರೆಸುವ ಕಾಗದ, ಬಾಚಣಿಗೆ, ಸೇಫ್ಟಿ ಪಿನ್ನಿನ ಡಬ್ಬಿ, ಜೊತೆಗೆ ಕ್ಯೂಆರ್ ಕೋಡ್ ಅಂಟಿಸಿದ ಒಂದು ರಟ್ಟು. ದುಡ್ಡಿನ ಪೆಟ್ಟಿಗೆ ಎಲ್ಲೂ ಇರಲಿಲ್ಲ. ರಟ್ಟಿನ ಕೋಡಿಗೆ ಮೊಬೈಲ್ ಹಿಡಿದರೆ ಫೋಟೊಗ್ರಾಫರರ ಖಾತೆ ತೆರೆದುಕೊಳ್ಳುವುದಿಲ್ಲ, ನೇರವಾಗಿ ಊರಿನ ಸೇವಾಸಂಸ್ಥೆಯಾದ ನೀಡಂ ಕಮ್ಯುನಿಟಿ ಕೌನ್ಸಿಲ್ಲಿನ ದಾನದ ಪುಟ ತೆರೆದುಕೊಳ್ಳುತ್ತದೆ. ದುಡ್ಡು ಕಟ್ಟಿದವರ ಮೊಬೈಲಿಗೆ ಅಲ್ಲಿಂದಲೇ ರಸೀದಿ ಬರುತ್ತದೆ. ಮೇಜಿನ ಹಿಂದೆ ಕೂತ ಹುಡುಗಿ ಆ ರಸೀದಿ ನೋಡಿ, ಪಟ್ಟಿಯಲ್ಲಿ ಒಂದು ಗೆರೆ ಎಳೆದು, ದಾರಿ ತೋರಿಸುತ್ತಿದ್ದಳು. ಇಡೀ ಮಧ್ಯಾಹ್ನ ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಇದೇ ವ್ಯವಸ್ಥೆ. ಕಾರಣ ಮುಂದೆ ಹೇಳುತ್ತೇನೆ.

ಹೀಗೆ ಸರದಿಯಲ್ಲಿ ಕುಟುಂಬಗಳ ಫೋಟೊ ತೆಗೆಯುವುದನ್ನು ಇಲ್ಲಿ ಮಿನಿ ಸೆಷನ್ ಅನ್ನುತ್ತಾರೆ. ಸ್ಟುಡಿಯೊಗೆ ಹೋಗಿ ಎರಡು ಗಂಟೆ ಕೂರುವ ಬದಲು, ಫೋಟೊಗ್ರಾಫರ್ ಒಂದು ಜಾಗ, ಒಂದು ದಿನ ಗೊತ್ತು ಮಾಡುತ್ತಾರೆ. ಕುಟುಂಬಗಳು ಒಂದರ ಹಿಂದೆ ಒಂದು ಬರುತ್ತವೆ. ಈ ಫೋಟೊಗ್ರಾಫರ್ ಐವತ್ತರ ಆಸುಪಾಸಿನ ಹೆಂಗಸು, ಮಂಡಿಗೆ ಕಡಪ ಕಲ್ಲು ಹಾಸುವವರು ಕಟ್ಟಿಕೊಳ್ಳುವಂಥ ದಪ್ಪ ಪಟ್ಟಿ ಕಟ್ಟಿಕೊಂಡಿದ್ದರು. ಅವರ ಲೆಕ್ಕ ಸರಳ. ಒಂದು ಕುಟುಂಬಕ್ಕೆ 15 ನಿಮಿಷ, ಮುಂದಿನವರು ಬಂದು ನಿಲ್ಲಲು 5 ನಿಮಿಷ. ಗಂಟೆಗೆ ಮೂರು ಕುಟುಂಬ. ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಕಮರಿಯ ತಳದಲ್ಲಿ ಅದಕ್ಕೂ ಮೊದಲೇ ಬೆಳಕು ಇಳಿಯುತ್ತದೆ. ಎರಡೂವರೆಗೆ ಶುರುವಾದರೆ ಹೆಚ್ಚೆಂದರೆ ಒಂಬತ್ತು ಕುಟುಂಬ. ಒಂದೊಂದು ಕುಟುಂಬದಿಂದ ಕನಿಷ್ಠ 200 ಡಾಲರ್ ದಾನ, ಬದಲಿಗೆ ಹತ್ತು ತಿದ್ದಿದ ಚಿತ್ರಗಳು. ಇದು ರಾಜ್ಯ ಸರ್ಕಾರದ ಉದ್ಯಾನ, ಹಾಗಾಗಿ ವೃತ್ತಿಯವರು ಮುಂಚಿತವಾಗಿ ಅನುಮತಿ ಪಡೆದಿರಬೇಕು. ಅನುಮತಿ ಪತ್ರವನ್ನು ಅವರು ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು ಮೇಜಿಗೇ ಕಟ್ಟಿದ್ದರು.

ಒಂಬತ್ತರಲ್ಲಿ ಎರಡು ಸರದಿಗೆ ದುಡ್ಡಿಲ್ಲ. ಆ ಎರಡು ಕುಟುಂಬಗಳು ಯಾವುವು ಎಂದು ಸಾಲಿನಲ್ಲಿ ನಿಂತ ಬೇರೆಯವರಿಗೆ ಗೊತ್ತಾಗುವುದಿಲ್ಲ, ಅವರ ಹೆಸರಿನ ಮುಂದೆ ಮೊದಲೇ ಗೆರೆ ಬಿದ್ದಿರುತ್ತದೆ. ಕೊಟ್ಟವರು, ಪಡೆದವರು ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಈ ಯೋಚನೆ ಫೋಟೊಗ್ರಾಫರ್‌ಗೆ ಬಂದದ್ದು ಹೆಲ್ಪ್-ಪೋರ್ಟ್ರೇಟ್ ಚಳವಳಿಯಿಂದ. ನ್ಯಾಶ್‌ವಿಲ್‌ನ ಫೋಟೊಗ್ರಾಫರ್ ಜೆರೆಮಿ ಕವರ್ಟ್ ಶುರು ಮಾಡಿದ್ದು. 2009ರ ಡಿಸೆಂಬರಿನಲ್ಲಿ ಅದರ ಕರೆಗೆ ಓಗೊಟ್ಟು ಹಲವು ದೇಶಗಳ ಫೋಟೊಗ್ರಾಫರುಗಳು ಒಂದೇ ದಿನ ತಂತಮ್ಮ ಊರಿನ ಬಡವರನ್ನು, ನಿರಾಶ್ರಿತರನ್ನು ಕೂರಿಸಿ ಫೋಟೊ ತೆಗೆದರು. ಅದರ ಕಟ್ಟಳೆ ಒಂದೇ: ತೆಗೆದ ಫೋಟೊ ಫೋಟೊಗ್ರಾಫರರ ಪ್ರದರ್ಶನಕ್ಕಲ್ಲ, ಮುದ್ರಿಸಿ ಆ ಮನುಷ್ಯನ ಕೈಗೇ ಕೊಡಬೇಕು. ಬಡತನದ ಫೋಟೊ ತೆಗೆದು ಬಹುಮಾನ ಗೆದ್ದವರು ಲೆಕ್ಕವಿಲ್ಲದಷ್ಟು ಮಂದಿ ಇದ್ದಾರೆ. ಬಡವರಿಗೆ ಅವರ ಫೋಟೊವನ್ನೇ ಕೊಟ್ಟವರು ಕಡಿಮೆ. ಆದ್ದರಿಂದಲೇ ನನಗೆ ಆ ಕಟ್ಟಳೆಯ ಮೇಲೆ ಗೌರವ.

ನಾಲ್ಕು ಗಂಟೆಯ ಸುಮಾರಿನ ಸರದಿಗೆ ಬಂದವರು ನಮ್ಮವರು. ವೆಸ್ಟ್‌ಬರೋದಲ್ಲಿ ಮನೆ, ಊರು ಹಾಸನ ಜಿಲ್ಲೆ. ಗಂಡ, ಹೆಂಡತಿ, ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ, ಜೊತೆಗೆ ಹೆಂಡತಿಯ ಅಪ್ಪ ಅಮ್ಮ. ಹಿರಿಯರು ಮೇ ತಿಂಗಳಲ್ಲಿ ಬಂದವರು, ನವೆಂಬರ್ ಮೊದಲ ವಾರ ವಾಪಸ್ ಹೊರಡಬೇಕು. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು. ಹಿಮ ಬೀಳುವ ಮುಂಚೆ ಊರು ಸೇರಬೇಕೆಂಬ ಅವಸರವೂ ಹಿರಿಯರಿಗೆ ಇರುತ್ತದೆ. ಹೀಗಾಗಿ ಅಮೆರಿಕದ ಈ ಭಾಗದ ಕನ್ನಡ ಕುಟುಂಬಗಳಿಗೆ ಅಕ್ಟೋಬರ್ ಅಂದರೆ ಮೂರು ತಲೆಮಾರು ಒಂದೇ ಚೌಕಟ್ಟಿನಲ್ಲಿ ಸಿಗುವ ಕೊನೆಯ ಅವಕಾಶ. ಮುಂದಿನ ಸಲ ಯಾರು ಬರುತ್ತಾರೋ, ಯಾರಿಗೆ ಆಗುವುದಿಲ್ಲವೋ ಎಂಬ ಮಾತನ್ನು ಯಾರೂ ಆಡುವುದಿಲ್ಲ. ಫೋಟೊಗೆ ಹೆಸರು ಬರೆಸುವಾಗ ಮನಸ್ಸಿನಲ್ಲಿ ಇರುವುದು ಅದೇ.

ಅಜ್ಜಿ ಉಟ್ಟಿದ್ದು ಗಿಣಿಹಸಿರು ಮೈಸೂರು ರೇಷ್ಮೆ, ಮೇಲೆ ಅಳಿಯ ಕೊಡಿಸಿದ ಉಣ್ಣೆ ಕೋಟು. ತಾತನ ತಲೆಗೆ ಮಂಕಿ ಕ್ಯಾಪು. ಮಗಳು ಮೆಲ್ಲಗೆ, "ಅಪ್ಪಾ, ಐದು ನಿಮಿಷ ಟೋಪಿ ತೆಗೀರಿ" ಅಂದಳು. "ಗಾಳಿ ನೋಡಮ್ಮ ಹೆಂಗಿದೆ, ಕಿವಿ ಹಿಡ್ಕೊಳುತ್ತೆ" ಅಂದರು ತಾತ. ಫೋಟೊಗ್ರಾಫರ್‌ಗೆ ಮಾತು ಅರ್ಥವಾಗದಿದ್ದರೂ ಸಂಗತಿ ಅರ್ಥವಾಯಿತು. ಮೊದಲು ಟೋಪಿ ಹಾಕಿಕೊಂಡೇ ಒಂದಿಷ್ಟು ತೆಗೆದರು. ಆಮೇಲೆ ಬಿಸಿಲು ಬೀಳುವ ಒಂದು ಬಂಡೆಯ ಹತ್ತಿರ ತಾತನನ್ನು ಕರೆದೊಯ್ದು ನಿಲ್ಲಿಸಿದರು. ಬೆನ್ನು ಬೆಚ್ಚಗಾದ ಮೇಲೆ ತಾತನೇ ಟೋಪಿ ತೆಗೆದು ಜೇಬಿಗೆ ಹಾಕಿಕೊಂಡರು.

ಕ್ಯಾಮೆರಾ ಮುಂದೆ ನಿಂತ ಕೂಡಲೇ ತಾತನ ಎರಡು ಕೈಯೂ ಪಕ್ಕಕ್ಕೆ ಬಿಗಿದವು, ಶಾಲೆಯಲ್ಲಿ ಸಾವಧಾನ್ ಹೇಳಿದ ಹಾಗೆ. ಅವರ ಕಾಲದ ಫೋಟೊಗಳೆಲ್ಲ ಹಾಗೇ ತೆಗೆದವು. ಕೈಗೆ ಕೆಲಸವಿಲ್ಲದಿದ್ದರೆ ಮುಖ ಸಡಿಲವಾಗುವುದಿಲ್ಲ ಎಂಬುದು ಈ ವೃತ್ತಿಯ ಹಳೆಯ ತಿಳಿವಳಿಕೆ. ಫೋಟೊಗ್ರಾಫರ್ ಮೊಮ್ಮಗನ ಕೋಟಿನ ಗುಂಡಿ ತೋರಿಸಿ, ಹಾಕಿ ಎಂದು ಸನ್ನೆ ಮಾಡಿದರು. ತಾತ ಬಗ್ಗಿ, ಗುಂಡಿಯ ತೂತು ಹುಡುಕುತ್ತ, "ಅಲ್ಲಾಡಬೇಡ ಮರಿ, ಅಲ್ಲಾಡಬೇಡ" ಎಂದು ಗದರುತ್ತಿರುವಾಗ ಕ್ಯಾಮೆರಾ ಸದ್ದು ಮಾಡಿತು. ಆ ದಿನದ ಒಳ್ಳೆಯ ಚಿತ್ರ ಅದೇ ಎಂದು ನಾನು ಪಂಥ ಕಟ್ಟಿ ಹೇಳುತ್ತೇನೆ.

ಅಜ್ಜಿಯದು ಇನ್ನೊಂದು ಬಗೆ. "ಹಲ್ಲು ಬಿಟ್ಕೊಂಡು ನಿಲ್ಲೋದು ನನ್ ಕೈಲಿ ಆಗಲ್ಲ ಕಣೇ" ಅಂದರು ಮಗಳಿಗೆ.

"ಬೇಡಮ್ಮ, ನೀನು ಸುಮ್ನೆ ಮಗು ಕಡೆ ನೋಡ್ತಿರು."

ಪಕ್ಕದಲ್ಲಿದ್ದ ನನಗೆ ಅಜ್ಜಿ ಹೇಳಿದರು: "ನಮ್ ಮದುವೆ ಆದ ವರ್ಷ ಹಾಸನದ ಸ್ಟುಡಿಯೊದಲ್ಲಿ ತೆಗೆಸಿದ್ವಪ್ಪ. ಹಿಂದ್ಗಡೆ ಕೆರೆ, ಹಂಸ ಎಲ್ಲ ಬಣ್ಣದಲ್ಲಿ ಬರ್ದಿದ್ರು ಪರದೆ ಮೇಲೆ. ನಗಬೇಡಿ ಅಂದಿದ್ರು ಅವತ್ತು. ಇವರು ನಗಿ ಅಂತಾರೆ." ಅಷ್ಟು ಹೇಳಿ ಅವರೇ ನಕ್ಕರು. ಫೋಟೊಗ್ರಾಫರ್ ಆ ನಗುವನ್ನು ಕಾದೇ ಕೂತಿದ್ದರು.

ಬೆಳಕಿನ ಕೆಲಸವನ್ನು ಹತ್ತಿರದಿಂದ ನೋಡಿದ್ದಕ್ಕೆ ಎರಡು ಮಾತು. ದಟ್ಟ ಮರದ ಕೆಳಗೆ ನೆರಳು ಮೆತ್ತಗಿರುತ್ತದೆ ನಿಜ, ಆದರೆ ಎಲೆಗಳಿಂದ ಸೋಸಿ ಬಂದ ಬೆಳಕು ಮುಖಕ್ಕೆ ಹಸಿರು ಛಾಯೆ ಬಳಿಯುತ್ತದೆ. ನಮ್ಮ ಗೋಧಿ ಮೈಬಣ್ಣದವರಿಗೆ ಅದು ಬೇಗ ಕಾಯಿಲೆಯ ಕಳೆ ತರುತ್ತದೆ. ಅದಕ್ಕೇ ಅವರು ಕುಟುಂಬವನ್ನು ಮರದ ಕೆಳಗಿನಿಂದ ನಾಲ್ಕು ಹೆಜ್ಜೆ ಈಚೆಗೆ, ತಲೆಯ ಮೇಲೆ ಆಕಾಶ ತೆರೆದಿರುವ ಅಂಚಿಗೆ ತಂದು ನಿಲ್ಲಿಸಿದರು. ಒಂದು ಬೂದು ಕಾರ್ಡನ್ನು ಅಜ್ಜಿಯ ಕೈಗೆ ಕೊಟ್ಟು ಒಂದು ಚಿತ್ರ ತೆಗೆದರು. ಮನೆಗೆ ಹೋಗಿ ಬಣ್ಣ ತಿದ್ದುವಾಗ ಅದೇ ಅಳತೆಗೋಲು. ಆರು ಜನ ಹಿಂದೆ ಮುಂದೆ ನಿಂತಿರುವುದರಿಂದ ಎಲ್ಲರೂ ಸ್ಪಷ್ಟವಾಗಿ ಬರಲೆಂದು ಅಪರ್ಚರನ್ನು ಎಫ್ 5.6ಕ್ಕೆ ಇಳಿಸಿದರು. ಒಬ್ಬರದೇ ಮುಖ ತೆಗೆಯುವಾಗ ಮತ್ತೆ ಅಗಲಿಸಿದರು. ಸೀರೆಯ ಜರಿಗೆ ಬಿಸಿಲು ತಾಗಿ ಕಣ್ಣು ಕುಕ್ಕಿದಾಗ ಅಜ್ಜಿಯ ಭುಜ ಹಿಡಿದು ತುಸು ತಿರುಗಿಸಿದರು, ಕೇಳಿಯೇ ಮುಟ್ಟಿದರು. ಮಗುವಿನ ಎತ್ತರಕ್ಕೆ ಕ್ಯಾಮೆರಾ ಬರಬೇಕೆಂದು ಹದಿನೈದು ನಿಮಿಷದಲ್ಲಿ ಎಷ್ಟೋ ಸಲ ಮಂಡಿಯೂರಿದರು. ಮಂಡಿಪಟ್ಟಿ ಯಾಕೆಂದು ಆಗ ತಿಳಿಯಿತು.

ಇನ್ನು ಈ ದಾನದ ಬೇರು. ಅದು ಇದೇ ನೀಡಂ ಊರಿನದು.

2020ರ ಮಾರ್ಚ್ ನಡುವಿನಲ್ಲಿ ಶಾಲೆಗಳು ಮುಚ್ಚಿ, ಜನ ಮನೆ ಸೇರಿ, ಊರೆಲ್ಲ ಭಯ ಕವಿದ ದಿನಗಳಲ್ಲಿ ನೀಡಂನ ಫೋಟೊಗ್ರಾಫರ್ ಕಾರಾ ಸೂಲಿಯಾ ಮತ್ತು ಅವರ ಗೆಳತಿ ಕ್ರಿಸ್ಟನ್ ಕಾಲಿನ್ಸ್ ಒಂದು ಕೆಲಸ ಶುರುಮಾಡಿದರು. ನಿಮ್ಮ ಮನೆಯ ಮುಂದಿನ ಮೆಟ್ಟಿಲ ಮೇಲೆ ಬಂದು ನಿಲ್ಲಿ, ದೂರದಿಂದಲೇ ಐದು ನಿಮಿಷದಲ್ಲಿ ನಿಮ್ಮ ಕುಟುಂಬದ ಫೋಟೊ ತೆಗೆಯುತ್ತೇನೆ. ನನಗೆ ದುಡ್ಡು ಬೇಡ, ನೀಡಂ ಕಮ್ಯುನಿಟಿ ಕೌನ್ಸಿಲ್‌ಗೆ ಕೈಲಾದಷ್ಟು ಕೊಡಿ. ಇಷ್ಟೇ. ಫ್ರಂಟ್ ಸ್ಟೆಪ್ಸ್ ಪ್ರಾಜೆಕ್ಟ್ ಎಂದು ಹೆಸರಿಟ್ಟರು. ಜನ ಮನೆಯುಡುಪಿನಲ್ಲೇ ಬಂದು ನಿಂತರು, ಕೆಲವರು ಹಬ್ಬದ ಬಟ್ಟೆ ಹಾಕಿಕೊಂಡು ಬಂದರು, ನಾಯಿ ಬೆಕ್ಕುಗಳೂ ಮೆಟ್ಟಿಲೇರಿದವು. ಕೆಲವೇ ವಾರಗಳಲ್ಲಿ ಬೇರೆ ರಾಜ್ಯ, ಬೇರೆ ದೇಶಗಳ ಫೋಟೊಗ್ರಾಫರುಗಳು ತಂತಮ್ಮ ಬೀದಿಯಲ್ಲಿ ಅದನ್ನೇ ಮಾಡಿದರು. ಅವರವರ ಊರಿನಲ್ಲಿ ಇಲ್ಲದವರಿಗೆ ದಿನಸಿ ಹಂಚುವ ಅನ್ನದ ಕಣಜಗಳಿಗೆ, ಆಶ್ರಯಧಾಮಗಳಿಗೆ ಹಣ ಹರಿಯಿತು.

ಎಲ್ಲರೂ ಒಪ್ಪಲಿಲ್ಲ. ಮ್ಯಾಸಚೂಸೆಟ್ಸಿನಲ್ಲಿ ಮಾರ್ಚ್ 24ರಿಂದ ಅಗತ್ಯವಲ್ಲದ ವ್ಯವಹಾರಗಳೆಲ್ಲ ಬಾಗಿಲು ಹಾಕಬೇಕೆಂದು ಆದೇಶವಾಯಿತು. ಮನೆಯಲ್ಲಿರಿ ಎಂದು ಸರ್ಕಾರ ಹೇಳುತ್ತಿರುವಾಗ ಬೀದಿ ಬೀದಿ ಸುತ್ತಿ ಫೋಟೊ ತೆಗೆಯುವುದು ಸರಿಯೇ ಎಂದು ವೃತ್ತಿಬಾಂಧವರಲ್ಲೇ ಕೆಲವರು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೇ. ಆದರೂ ಆ ಚಿತ್ರಗಳನ್ನು ಇವತ್ತು ನೋಡಿದರೆ ಆ ಕಾಲದ ಅಷ್ಟು ನಿಜವಾದ ದಾಖಲೆ ಬೇರೆ ಕಾಣುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಕಮರಿಯಲ್ಲಿ ನಾನು ಕಂಡ ಫೋಟೊಗ್ರಾಫರ್ ಆಗ ತಮ್ಮ ಬೀದಿಯಲ್ಲಿ ಹಾಗೆ ತೆಗೆದವರು. ರೋಗ ಇಳಿದ ಮೇಲೆ ಮೆಟ್ಟಿಲು ಬಿಟ್ಟು ನದಿದಡಕ್ಕೆ ಬಂದರು, ದುಡ್ಡಿನ ದಾರಿಯನ್ನು ಮಾತ್ರ ಬದಲಿಸಲಿಲ್ಲ.

ಆ ದುಡ್ಡು ಹೋಗಿ ಸೇರುವ ಜಾಗ ಹೈಲ್ಯಾಂಡ್ ಅವೆನ್ಯೂದಲ್ಲಿದೆ. ನೀಡಂ ಸ್ಥಿತಿವಂತರ ಊರು. ದೊಡ್ಡ ಅಂಗಳದ ಮನೆಗಳು, ಹೆಸರಾದ ಸರ್ಕಾರಿ ಶಾಲೆಗಳು. ಇಲ್ಲಿ ಯಾರು ಹಸಿದಿರುತ್ತಾರೆ ಅನ್ನಿಸಬಹುದು. ಕೆಲಸ ಕಳೆದುಕೊಂಡವರು, ಪಿಂಚಣಿಯಲ್ಲೇ ಬಾಡಿಗೆಯನ್ನೂ ಔಷಧಿಯನ್ನೂ ಸರಿದೂಗಿಸಬೇಕಾದ ಮುದುಕರು, ಹೊಸದಾಗಿ ದೇಶಕ್ಕೆ ಬಂದವರು ಇಂಥ ಊರಿನಲ್ಲೂ ಇದ್ದಾರೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಕೌನ್ಸಿಲ್ ಅವರಿಗೆ ದಿನಸಿ ಕೊಡುತ್ತದೆ. ಗಾಲಿಕುರ್ಚಿ, ಊರುಗೋಲು ಬೇಕಾದವರಿಗೆ ಎರವಲು ಕೊಡುತ್ತದೆ, ಇಂಗ್ಲಿಷ್ ಕಲಿಸುತ್ತದೆ, ಸ್ವಯಂಸೇವಕರ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತದೆ. ಹಳೆ ಬಟ್ಟೆ, ಹಳೆ ಸಾಮಾನಿನ ಅಂಗಡಿಯನ್ನೂ ನಡೆಸುತ್ತದೆ.

ಈಗ ಆ ರಟ್ಟಿನ ವಿಷಯಕ್ಕೆ ಬರುತ್ತೇನೆ. ಹಬ್ಬದ ಕಾಲ ಬಂತೆಂದರೆ "ಶುಲ್ಕದ ಒಂದು ಪಾಲು ದಾನಕ್ಕೆ" ಎಂಬ ಪ್ರಕಟಣೆಗಳು ಎಲ್ಲೆಲ್ಲೂ ಕಾಣುತ್ತವೆ. ಎಷ್ಟು ಪಾಲು, ಯಾರಿಗೆ, ಯಾವಾಗ ಎಂಬುದು ಇರುವುದಿಲ್ಲ. ಇನ್ನೊಂದು ರೂಢಿ ಶಾಲೆಗಳ ಹರಾಜಿನದು. ಫೋಟೊಗ್ರಾಫರ್ ಒಂದು ಉಚಿತ ಸೆಷನ್ನಿನ ಕೂಪನ್ ಕೊಡುತ್ತಾರೆ. ಹರಾಜಿನಲ್ಲಿ ಕೂಗಿ ಪಡೆದ ತಾಯಿ ತಂದೆ ಹೋಗಿ ಕೂತ ಮೇಲೆ ತೆಗೆಯುವುದಷ್ಟೇ ಉಚಿತ, ಚಿತ್ರ ಪಡೆಯಲು ನೂರಾರು ಡಾಲರ್ ಕೊಡಬೇಕು ಎಂದು ತಿಳಿಯುತ್ತದೆ. ಹೀಗೆ ಸಿಕ್ಕಿಬಿದ್ದವರು ನನ್ನ ಪರಿಚಯದಲ್ಲೇ ಇದ್ದಾರೆ. ಇದನ್ನು ದಾನ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಗಿರಾಕಿ ಹಿಡಿಯುವ ಬಲೆ ಅದು.

ನೇರ ದಾನದಲ್ಲಿ ಈ ಗೋಜಲಿಲ್ಲ. ತೆರಿಗೆಯ ಲೆಕ್ಕದಲ್ಲೂ ಫೋಟೊಗ್ರಾಫರ್‌ಗೆ ಹೆಚ್ಚೇನೂ ಗಿಟ್ಟುವುದಿಲ್ಲ. ಅಮೆರಿಕದ ಕಾನೂನಿನ ಪ್ರಕಾರ ದಾನವಾಗಿ ಕೊಟ್ಟ ದುಡಿಮೆಗೆ, ಸಮಯಕ್ಕೆ ವಿನಾಯಿತಿಯೇ ಇಲ್ಲ. ಕೈಯಿಂದ ಹಾಕಿದ ಖರ್ಚಿಗೆ, ಸೇವೆಗಾಗಿ ಕಾರು ಓಡಿಸಿದ್ದಕ್ಕೆ ಮೈಲಿಗೆ 14 ಸೆಂಟ್ ಲೆಕ್ಕದಲ್ಲಿ ಮಾತ್ರ ಉಂಟು. ದಾನ ಕೊಟ್ಟ ಕುಟುಂಬವೂ ಪೂರ್ತಿ ಮೊತ್ತವನ್ನು ತೋರಿಸುವಂತಿಲ್ಲ. ಬದಲಿಗೆ ಸಿಕ್ಕ ಫೋಟೊ ಸೇವೆಯ ಮಾರುಕಟ್ಟೆ ಬೆಲೆ ಕಳೆದು ಮಿಕ್ಕದ್ದಕ್ಕಷ್ಟೇ ವಿನಾಯಿತಿ. ಹೀಗಿದ್ದೂ ಶನಿವಾರ ಇಡೀ ಮಂಡಿಯೂರಿ, ಆಮೇಲೆ ಹಲವು ರಾತ್ರಿ ಕೂತು ಚಿತ್ರ ತಿದ್ದುವುದು ಅವರ ಮನಸ್ಸಿನ ಖುಷಿಗೆ. "ನನ್ನ ಹೆಸರು ಊರಿನಲ್ಲಿ ಹರಡುತ್ತದೆ, ಅದೂ ಒಂದು ಲಾಭವೇ" ಎಂದು ಅವರೇ ಮುಚ್ಚುಮರೆಯಿಲ್ಲದೆ ಹೇಳಿದರು. ಅಷ್ಟು ಲಾಭ ಆಗಲಿ, ಅವರಿಗೆ ಅದು ಸಲ್ಲಬೇಕಾದದ್ದೇ.

ಕಮರಿಯಿಂದ ಊರೊಳಗೆ ಬಂದರೆ 1902ರ ಇಟ್ಟಿಗೆಯ ಟೌನ್ ಹಾಲ್, ಅದರ ಮುಂದೆ ಹುಲ್ಲಿನ ಬಯಲು. ಡಿಸೆಂಬರಿನಲ್ಲಿ ಇಲ್ಲಿಯ ಒಂದು ಮರಕ್ಕೆ ಬುಡದಿಂದ ತುದಿವರೆಗೆ ನೀಲಿ ದೀಪ ಸುತ್ತುತ್ತಾರೆ. ಬ್ಲೂ ಟ್ರೀ ಎಂದರೆ ಊರಿನವರಿಗೆ ಅಭಿಮಾನ. ಆಗಲೂ ಮನೆಮಂದಿ ಬಂದು ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಆದರೆ ಕ್ರಿಸ್‌ಮಸ್ ಕಾರ್ಡಿಗೆ ಆ ಚಿತ್ರ ತಡವಾಗುತ್ತದೆ. ಕಾರ್ಡು ಮುದ್ರಣವಾಗಿ ಅಂಚೆಗೆ ಬೀಳಬೇಕಾದರೆ ನವೆಂಬರ್ ಮಧ್ಯಕ್ಕೆ ಚಿತ್ರ ಕೈಯಲ್ಲಿರಬೇಕು, ಅದಕ್ಕೇ ಎಲ್ಲರಿಗೂ ಅಕ್ಟೋಬರೇ ಬೇಕು. ನಮ್ಮವರು ಅದೇ ಚಿತ್ರವನ್ನು ದೀಪಾವಳಿಗೂ ಹೊಸ ವರ್ಷಕ್ಕೂ ಕಳಿಸುತ್ತಾರೆ.

ನ್ಯೂ ಇಂಗ್ಲೆಂಡ್ ಕಡೆ ನೆಲೆಸಿದ ಕನ್ನಡಿಗರಿಗೆ ಕೆಲವು ಮಾತು. ಒಳ್ಳೆಯ ಸರದಿಗಳು ಆಗಸ್ಟ್, ಸೆಪ್ಟೆಂಬರಿನಲ್ಲೇ ತುಂಬಿಹೋಗುತ್ತವೆ. ಅಪ್ಪ ಅಮ್ಮನ ವಾಪಸ್ ಟಿಕೆಟಿನ ತಾರೀಖು ನೋಡಿಕೊಂಡು ಮೊದಲೇ ಹೆಸರು ಬರೆಸಿ. ಎಲ್ಲರೂ ಒಂದೇ ಬಣ್ಣ ಉಡಬೇಕಿಲ್ಲ, ಹಿರಿಯರ ಸೀರೆಯ ಬಣ್ಣ ನೋಡಿ ಮಿಕ್ಕವರು ಹೊಂದಿಸಿಕೊಂಡರೆ ಸಾಕು. ಕಮರಿಯ ಕಾಲುದಾರಿಯಲ್ಲಿ ಬೇರು, ಕಲ್ಲು ಜಾಸ್ತಿ, ಮಂಡಿನೋವಿನವರಿಗೆ ಊರುಗೋಲು ಇರಲಿ. ಅಜ್ಜಿ ತಾತನ ಇಬ್ಬರದೇ ಒಂದು ಚಿತ್ರ ಕೇಳಿ ತೆಗೆಸಿ, ಮೊಮ್ಮಕ್ಕಳ ಗದ್ದಲದಲ್ಲಿ ಅದು ಮರೆತುಹೋಗುತ್ತದೆ. ದಾನದ ಹೆಸರಿನ ಸೆಷನ್ ಆದರೆ ದುಡ್ಡು ಯಾವ ಸಂಸ್ಥೆಗೆ ಹೋಗುತ್ತದೆ, ಎಷ್ಟು ಹೋಗುತ್ತದೆ, ರಸೀದಿ ಯಾರು ಕೊಡುತ್ತಾರೆ ಎಂದು ಸಂಕೋಚವಿಲ್ಲದೆ ಕೇಳಿ. ಪ್ರಾಮಾಣಿಕರು ಸಂತೋಷವಾಗಿಯೇ ಹೇಳುತ್ತಾರೆ. ಚಿತ್ರ ಬಂದ ಮೇಲೆ ಮೊಬೈಲಿನಲ್ಲಿ ಬಿಡದೆ ಕಾಗದದ ಮೇಲೆ ಮುದ್ರಿಸಿ, ಊರಿಗೆ ಹೊರಟವರ ಸೂಟ್‌ಕೇಸಿನಲ್ಲಿ ಎರಡು ಪ್ರತಿ ಇಟ್ಟು ಕಳಿಸಿ. ನಿಮ್ಮ ಊರಿನ ಅನ್ನದ ಕಣಜಕ್ಕೆ ಕೊಡುವ ಹಣವನ್ನು ಯಾರ ಕೈಗೂ ದಾಟಿಸದೆ ನೀವೇ ಕಟ್ಟಿ.